ಬದುವಿನಾಚೆಯ ಪಾಪ

ಕೃಷ್ಣರಾಜನಗರ ತಾಲೂಕಿನ ದೋರನಹಳ್ಳಿಯಲ್ಲಿ ಪ್ರತಿ ವರ್ಷ ಜೂನ್ 13 ಸಂತ ಅಂತೋಣಿಯವರ ಹಬ್ಬ. ಉಳುತ್ತಿದ್ದ ರೈತನ ನೇಗಿಲಿಗೆ ಈ ಸಂತರ ಪ್ರತಿಮೆ ಸಿಕ್ಕಿತೆಂಬುದು ಅಲ್ಲಿನ ಪ್ರತೀತಿ. ಸಂತರ ಬಗ್ಗೆ ಇನ್ನೊಂದು ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಇಟಲಿಯ ರಿಮಿನಿ ಪಟ್ಟಣದ ಜನ ಅವರ ಬೋಧನೆಗೆ ಕಿವಿಗೊಡದಿದ್ದಾಗ ಅವರು ನೀರಿನ ದಡಕ್ಕೆ ಹೋಗಿ ಮೀನುಗಳಿಗೆ ಬೋಧಿಸಿದರಂತೆ. ಮೀನುಗಳು ತಲೆಯೆತ್ತಿ ಆಲಿಸಿದವಂತೆ.

ಅದೇ ಸಂತರು ಇಂದು ನಮ್ಮ ಹೊಲಗಳ ತಗ್ಗಿನಲ್ಲಿರುವ ಕೆರೆಯ ದಡದಲ್ಲಿ ನಿಂತರೆ, ಆಲಿಸಲು ಅಲ್ಲಿ ಮೀನುಗಳು ಉಳಿದಿರುತ್ತವೆಯೇ?

ರಾವಂದೂರು, ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಶುಂಠಿಯೂ ಹರಡಿದೆ. ಎಲೆಗೆ ತೂತು ಬಿದ್ದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಬೆಲೆ ಬಿದ್ದರೆ ಸಾಲ ತೀರುವುದಿಲ್ಲ. ಆದ್ದರಿಂದ ಹುಳು ಕಂಡೊಡನೆ, ಕೆಲವೊಮ್ಮೆ ಕಾಣುವ ಮೊದಲೇ, 'ಔಷಧಿ' ಹೊಡೆಯುತ್ತೇವೆ. ಈ ಹೆಸರೇ ನಮ್ಮನ್ನು ಮೋಸಗೊಳಿಸುತ್ತದೆ. ಕಾಯಿಲೆ ವಾಸಿ ಮಾಡುವುದು ಔಷಧಿ; ಇದು ಕೊಲ್ಲುವ ವಿಷ. ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಎಂಬುದು ಅದಕ್ಕೆ ತಿಳಿಯದು. ದನಕರುಗಳಿಗೆ ಅಷ್ಟೇನೂ ಅಪಾಯವಿಲ್ಲವೆಂದು ಹೇಳಲಾಗುವ ಕೆಲವು ಕೀಟನಾಶಕಗಳು ನೀರಿನಲ್ಲಿ ಲವಲೇಶ ಬೆರೆತರೂ ಮೀನನ್ನು ಕೊಲ್ಲುತ್ತವೆ. ಹೂವಿಗೆ ಬಂದ ಜೇನ್ನೊಣ ಸಾಯುತ್ತದೆ. ಹುಳು ತಿನ್ನುವ ಕಪ್ಪೆ, ಹಕ್ಕಿಗಳು ಕಡಿಮೆಯಾದರೆ ಮುಂದಿನ ಬೆಳೆಗೆ ಹುಳುವಿನ ಕಾಟ ಇನ್ನೂ ಹೆಚ್ಚು; ವಿಷವೂ ಹೆಚ್ಚು.

ಮಳೆ ಬಂದಾಗ ಹೊಲ ತೊಳೆದ ನೀರು ಕೆರೆಗೆ ಇಳಿಯುತ್ತದೆ. ಕೋಡಿ ಬಿದ್ದರೆ ಹಳ್ಳಕ್ಕೆ, ಹಳ್ಳದಿಂದ ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ. ಎರಡೂ ಹೋಗಿ ಸೇರುವುದು ಕನ್ನಂಬಾಡಿ ಕಟ್ಟೆಗೆ. ಆ ಕಾವೇರಿಯ ನೀರನ್ನೇ ಮೈಸೂರಿನವರು ಕುಡಿಯುವುದು. ನಮ್ಮ ಹೊಲದ ಬದು ನಮ್ಮ ಜಮೀನಿಗೆ ಮಾತ್ರ ಗಡಿ, ನೀರಿಗೆ ಅಲ್ಲ.

"ನನ್ನ ಹೊಲ, ನನ್ನ ದುಡ್ಡು. ಅಂಗಡಿಯಲ್ಲಿ ಕಾನೂನುಬದ್ಧವಾಗಿ ಮಾರುವುದನ್ನೇ ತಂದಿದ್ದೇನೆ. ಇದರಲ್ಲಿ ಪಾಪವೇನು?" ಎಂದು ಕೇಳಬಹುದು. ಉತ್ತರಕ್ಕಾಗಿ ಗಡಿಯಾಚೆಯ ನಮ್ಮ ಕನ್ನಡಿಗರ ನೆಲವಾದ ಕಾಸರಗೋಡಿನ ಎಣ್ಮಕಜೆಯ ಕಡೆ ನೋಡೋಣ. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಜೇನು, ಮೀನು, ಕಪ್ಪೆಗಳು ಸಾಯುತ್ತಿವೆಯೆಂದು ಊರವರು ಹೇಳಿದರು. ಅಂಗವಿಕಲ ಕರುಗಳು ಹುಟ್ಟಿದವು. ಮನೆಗಳಲ್ಲಿ ಮಕ್ಕಳೂ ಹಾಗೆಯೇ ಹುಟ್ಟಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. ಹಾಗಾದರೆ ಮೇ 12ರವರೆಗೆ ಅದು ಸರಿ, 13ರಿಂದ ತಪ್ಪೇ? ಕಾನೂನು ಎಷ್ಟೋ ವರ್ಷ ತಡವಾಗಿ ಬರುತ್ತದೆ. ಅಷ್ಟು ದಿನ ಕಾಯುವ ಹಕ್ಕು ಮನಸ್ಸಾಕ್ಷಿಗೆ ಇಲ್ಲ.

ಕದ್ದವನು ಪಾಪನಿವೇದನೆ ಮಾಡಿದರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು ಎಂದು ಧರ್ಮಸಭೆ ಕಲಿಸುತ್ತದೆ. ಜಕ್ಕಾಯ ನಾಲ್ಕರಷ್ಟು ಕೊಡಲು ಮುಂದಾದ. ಎಂಡೋಸಲ್ಫಾನ್ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರಲ್ಲಿ ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ ಹೇಳಿತು. ಆದರೆ ಬರಿದಾದ ಜೇನುಗೂಡಿಗೆ ಏನು ಕೊಡೋಣ? ಸತ್ತ ಕೆರೆಗೆ ಯಾವ ಪರಿಹಾರ? ಹಿಂದಿರುಗಿಸಲಾಗದ್ದನ್ನು ತೆಗೆದುಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ಪರಿಪತ್ರದಲ್ಲಿ ಸೃಷ್ಟಿಗೆ ಎಸಗುವ ಕೇಡನ್ನು ಪಾಪವೆಂದೇ ಕರೆದಿದ್ದಾರೆ. ಆದಿಕಾಂಡದಲ್ಲಿ ದೇವರು ಆದಾಮನಿಗೆ ತೋಟವನ್ನು ಒಪ್ಪಿಸಿದಾಗ ಕೊಟ್ಟ ಕೆಲಸ ಎರಡು: ಬೇಸಾಯ ಮತ್ತು ಕಾವಲು. ಬೇಸಾಯವನ್ನು ನಾವು ಮರೆತಿಲ್ಲ. ಕಾವಲು?

ಆದರೂ ಹೊರೆಯನ್ನೆಲ್ಲ ರೈತನ ಹೆಗಲಿಗೆ ಹಾಕುವುದು ಅನ್ಯಾಯ. ಮುಖವಾಡವಿಲ್ಲದೆ ಬೆನ್ನಿಗೆ ಸ್ಪ್ರೇಯರ್ ಹೊತ್ತು ವಿಷವನ್ನು ಮೊದಲು ಉಸಿರಾಡುವವನು ಅವನು, ಅವನ ಕೂಲಿಯಾಳು. ತೂತಿಲ್ಲದ ಬದನೆಕಾಯಿಯನ್ನೇ ಆರಿಸಿ ಬುಟ್ಟಿಗೆ ಹಾಕುವ ನಮಗೂ ಇದರಲ್ಲಿ ಪಾಲಿಲ್ಲವೇ? ಬೇಡವೆಂದರೂ ಇನ್ನೊಂದು ಬಾಟಲಿ ದಾಟಿಸುವ ವ್ಯಾಪಾರಿಗೆ?

ನಾಳೆಯೇ ವಿಷವನ್ನು ಪೂರ್ತಿ ಬಿಡುವುದು ಎಲ್ಲರಿಗೂ ಆಗಲಿಕ್ಕಿಲ್ಲ. ಆಗುವುದನ್ನಾದರೂ ಮಾಡೋಣ. ಸ್ಪ್ರೇಯರನ್ನು ಕೆರೆ, ಕಾಲುವೆಯಲ್ಲಿ ತೊಳೆಯದಿರೋಣ; ತೊಳೆದ ನೀರನ್ನು ಹೊಲಕ್ಕೇ ಚೆಲ್ಲೋಣ. ಖಾಲಿ ಡಬ್ಬಿಯಲ್ಲಿ ಕುಡಿಯುವ ನೀರು ತುಂಬದಿರೋಣ. ಮೋಡ ಕವಿದಾಗ ಹೊಡೆಯುವುದು ಬೇಡ; ಹೂವಿನ ಕಾಲದಲ್ಲಿ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯೋಣ. ನೀರಿನ ಪಕ್ಕದಲ್ಲಿ ನಾಲ್ಕು ಮಾರು ಹುಲ್ಲು ಬಿಡೋಣ. ಹೊಗೆಸೊಪ್ಪಿನ ಸುತ್ತ ಹರಳು ಗಿಡ ಹಾಕಿದರೆ ಎಲೆ ತಿನ್ನುವ ಹುಳು ಅದರ ಮೇಲೆ ಮೊಟ್ಟೆಯಿಡುತ್ತದೆ. ಅಲ್ಲೇ ಕಿತ್ತು ನಾಶ ಮಾಡಬಹುದು. ಬೇವಿನ ಬೀಜದ ಕಷಾಯವೂ ಇದೆ.

ಪ್ರಿಯ ಓದುಗರೇ, ಮುಂದಿನ ಸಲ ಪಾಪನಿವೇದನೆಗೆ ಸಿದ್ಧರಾಗುವಾಗ ಸುಳ್ಳು, ಕೋಪ, ಪೂಜೆ ತಪ್ಪಿಸಿದ್ದು ಇವುಗಳ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳೋಣ: ನನ್ನ ಬದು ದಾಟಿ ಹೋದ ನೀರು ಯಾರಿಗೆ ಏನು ಮಾಡಿತು? ಗುಬ್ಬಿಯೊಂದು ನೆಲಕ್ಕೆ ಬಿದ್ದರೂ ಬಲ್ಲ ತಂದೆಯ ಮುಂದೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.