ಕಾಳಿಯ ಕಲ್ಲು, ಊರಿಲ್ಲದ ಕಲ್ಲು

ನನಗೆ ಶಾಸನ ಓದಲು ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಬಹಳ ವರ್ಷಗಳಾದವು. ಮೊನ್ನೆ ಅವರೊಡನೆ ನಮ್ಮ ಹಳೆಯ ವಿಭಾಗದ ಅಂಗಳಕ್ಕೆ ಹೋಗಿದ್ದೆ. ಹೊಂಗೆ ಮರದಡಿ ವೀರಗಲ್ಲುಗಳು ಗೋಡೆಗೆ ಒರಗಿಕೊಂಡು ಸಾಲಾಗಿ ನಿಂತಿವೆ. ಒಂದೊಂದರ ಮೈಮೇಲೂ ಬಿಳಿ ಬಣ್ಣದಲ್ಲಿ ಬರೆದ ನಂಬರು. ಜಗುಲಿಯ ಮೇಲೆ ಕೂತು ಆಡಿದ ಮಾತು ಇದು.

ನಾನು: ಸಾರ್, ಆತಕೂರಿನ ಕಲ್ಲನ್ನು ಊರಿಗೆ ವಾಪಸ್ ಕೊಡಬೇಕು ಅಂತ ನನಗೆ ಅನ್ನಿಸುತ್ತದೆ.

ಮೇಷ್ಟ್ರು: ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಅದಕ್ಕೇನಮ್ಮ ಕಡಿಮೆಯಾಗಿದೆ? ಮಳೆ ಬಿಸಿಲಿನ ಕಾಟವಿಲ್ಲ.

ನಾನು: ಪೂಜೆ ಇಲ್ಲವಲ್ಲ. ತಕ್ಕೋಲದ ಯುದ್ಧದಲ್ಲಿ ಮಣಲೇರ ಕಾದಿದ್ದಕ್ಕೆ ಗಂಗರ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ಹತ್ತಿರ ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗೆ ಎರಡು ಕಂಡುಗದ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಅಂದರೆ ಪೂಜಾರಿಗೆ, ಆ ನಾಯಿಯ ಪಾಪ ಅಂತಲೂ ಕೆತ್ತಿದರು. ಸುಮಾರು ಕ್ರಿ.ಶ. 950ರ ಮಾತು. ಹೀಗೆ ಕರಾರನ್ನು ತನ್ನ ಮೈಮೇಲೇ ಹೊತ್ತ ಕಲ್ಲನ್ನು ಎತ್ತಿಕೊಂಡು ಬಂದವರಿಗೆ ಆ ಕರಾರು ಅಂಟುವುದಿಲ್ಲವೇ?

ಮೇಷ್ಟ್ರು: ಕರಾರು ಮಾಡಿಕೊಂಡವರು ಯಾರಿದ್ದಾರೆ ಈಗ? ಗಂಗರಿಲ್ಲ, ಆ ಗೊರವನಿಲ್ಲ. ಊರಿನಲ್ಲಿ ಬಿಟ್ಟ ಕಲ್ಲುಗಳ ಗತಿ ನಾನು ಕಣ್ಣಾರೆ ಕಂಡವನು. ಶಾಸನವನ್ನು ಚರಂಡಿಗೆ ಅಡ್ಡ ಹಾಸಿದ್ದರು. ಇನ್ನೊಂದೂರಲ್ಲಿ ಬಟ್ಟೆ ಒಗೆದೂ ಒಗೆದೂ ವೀರನ ಮುಖವೇ ಸವೆದುಹೋಗಿತ್ತು. ನಿಧಿಯ ಆಸೆಗೆ ಬುಡ ಅಗೆದು ರಾತ್ರೋರಾತ್ರಿ ಉರುಳಿಸಿದ್ದೂ ಉಂಟು.

ನಾನು: ಲಂಡನ್ನಿನವರೂ ಗ್ರೀಸಿಗೆ ಇದನ್ನೇ ಹೇಳಿಕೊಂಡು ಬಂದರು, ಪಾರ್ಥೆನಾನಿನ ಶಿಲ್ಪಗಳು ನಮ್ಮಲ್ಲಿದ್ದರೇ ಕ್ಷೇಮ ಅಂತ. 2023ರಲ್ಲಿ ಅದೇ ಬ್ರಿಟಿಷ್ ಮ್ಯೂಸಿಯಂ, ತನ್ನ ಉಗ್ರಾಣದ ಸುಮಾರು 2,000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ, ಇಲ್ಲವೇ ಹಾಳಾಗಿವೆ ಅಂತ ಒಪ್ಪಿಕೊಳ್ಳಬೇಕಾಯಿತು. ಅವುಗಳಲ್ಲಿ ಎಷ್ಟೋ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ.

ಮೇಷ್ಟ್ರು: ಕದ್ದದ್ದರ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ತಮಿಳುನಾಡಿನ ಶ್ರೀಪುರಂದಾನಿನ ನಟರಾಜನ ಕಥೆ ಗೊತ್ತಲ್ಲ? ಗುಡಿಯಿಂದ ಕದ್ದ ಕಂಚು. ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ 50 ಲಕ್ಷ ಡಾಲರು ಸುರಿದು ಕೊಂಡಿತು, 2014ರಲ್ಲಿ ಮರಳಿಸಿತು. ಕದ್ದದ್ದು ಅಂತ ಸಾಬೀತಾಗಲು ನೆರವಾದದ್ದು ಒಂದು ಫೋಟೊ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಎಷ್ಟೋ ಮೊದಲೇ ತೆಗೆದಿಟ್ಟಿದ್ದರು. ಮೂರ್ತಿಯನ್ನು ಅಲುಗಿಸದೆ ಚಿತ್ರ ತೆಗೆದು, ಯಾವ ಊರು ಅಂತ ಗುರುತು ಹಾಕಿಟ್ಟಿದ್ದರು.

ನಾನು: ಬಂದ ನಟರಾಜ ತನ್ನ ಗುಡಿ ಸೇರಿದನೇ?

ಮೇಷ್ಟ್ರು: ಇಲ್ಲ. ಕುಂಭಕೋಣದ ವಿಗ್ರಹ ಕೇಂದ್ರಕ್ಕೆ ಹೋದ. ಒಂದು ಕಡೆ ಮೊಕದ್ದಮೆ, ಇನ್ನೊಂದು ಕಡೆ ಭದ್ರತೆಯ ಪ್ರಶ್ನೆ. ವಾಪಸ್ ಕೊಡಿ ಅನ್ನುವುದು ಸುಲಭ ಕಣಮ್ಮ, ಆಮೇಲೆ ಕಾಯುವವರು ಯಾರು?

ನಾನು: ಶಾಸನಗಳನ್ನು ಸಂಗ್ರಹಿಸಿದ ರೈಸ್ ಸಾಹೇಬರು ಕಲ್ಲನ್ನು ಊರಿನಲ್ಲೇ ಬಿಟ್ಟು ಅಕ್ಷರವನ್ನು ತಂದರಲ್ಲ? ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಕುಟ್ಟಿ, ಮಸಿ ಒತ್ತಿ ಅಚ್ಚು ತೆಗೆದರು. ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಒಂದೊಂದು ಶಾಸನವೂ ತಾಲ್ಲೂಕಿನ ಹೆಸರಿನಲ್ಲೇ ಕೂತಿದೆ, ಊರು ಇಂಥದ್ದು, ಕಲ್ಲು ಇಂಥ ಕಡೆ ಅಂತ.

ಮೇಷ್ಟ್ರು: ರೈಸ್ ಓದಿದ ಕಲ್ಲು ಹುಡುಕಿಕೊಂಡು ಹೋಗಿ, ಅವರು ಹೇಳಿದ ಜಾಗದಲ್ಲಿ ಬರೀ ಮಣ್ಣು ನೋಡಿ ಬಂದಿದ್ದೇನೆ. ಪುಸ್ತಕ ಇರದಿದ್ದರೆ ಅಲ್ಲೊಂದು ಶಾಸನ ಇತ್ತು ಅನ್ನುವುದೇ ತಿಳಿಯುತ್ತಿರಲಿಲ್ಲ.

ನಾನು: ಅಂದರೆ ಉಳಿದದ್ದು ಊರಿನ ಹೆಸರು ಬರೆದಿಟ್ಟಿದ್ದರಿಂದ. ಇರಲಿ ಸಾರ್, ಈ ಹದಿನಾಲ್ಕನೇ ನಂಬರಿನ ಕಲ್ಲು ಯಾವ ಊರಿನದು?

(ಮೇಷ್ಟ್ರು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಕಲ್ಲಿನ ಮುಂದೆ ನಿಂತರು. ಸೊಂಟದೆತ್ತರದ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ಆಳು, ಅವನ ಹಿಂದೆ ದನಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನೂ ಅವನೇ. ಎಲ್ಲಿಯೂ ಒಂದಕ್ಷರವಿಲ್ಲ.)

ಮೇಷ್ಟ್ರು: ಇದನ್ನು ತಂದವನು ನಾನೇ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಬೇಸಿಗೆ ರಜದಲ್ಲಿ ಟ್ರ್ಯಾಕ್ಟರಿಗೆ ಹುಲ್ಲು ಹಾಸಿಕೊಂಡು ಊರೂರು ಸುತ್ತಿದೆವು. ತಗೊಂಡು ಹೋಗಿ ಸ್ವಾಮಿ ಅಂದರು ಎಲ್ಲರೂ. ಒಂದೂರಲ್ಲಿ ಮಾತ್ರ ಒಬ್ಬ ಅಜ್ಜಿ ಅಡ್ಡ ನಿಂತಳು. "ಹಬ್ಬಕ್ಕೆ ಎಡೆ ಎಲ್ಲಿ ಮಡಗ್ಲಿ ಮಗ?" ಅಂದಳು. ಕಾಲೇಜಿನಲ್ಲಿ ಭದ್ರವಾಗಿರುತ್ತೆ ಅಜ್ಜಿ ಅಂತ ಹೇಳಿ ಹತ್ತಿಸಿಕೊಂಡು ಬಂದೆ. ರಿಜಿಸ್ಟರು ತುಂಬಿದ್ದು ತಿಂಗಳ ಮೇಲೆ. ಎತ್ತರ, ಅಗಲ, ಕಲ್ಲಿನ ಜಾತಿ, ಶತಮಾನ, ಎಲ್ಲ ಬರೆದೆ. ದೊರೆತ ಸ್ಥಳ ಅನ್ನುವ ಕಡೆ ‘ಸುತ್ತಮುತ್ತಲ ಗ್ರಾಮಗಳು’ ಅಂತ ಬರೆದುಬಿಟ್ಟೆ.

ನಾನು: ಸಾರ್...

ಮೇಷ್ಟ್ರು: ಆತಕೂರಿನ ಕಲ್ಲು ಎಲ್ಲೇ ಇರಲಿ, ತನ್ನ ಊರನ್ನು ತಾನೇ ಹೇಳಿಕೊಳ್ಳುತ್ತದೆ. ಇವನಿಗೆ ಬಾಯಿಲ್ಲ. ನಿಂತ ಜಾಗವೇ ಇವನ ಬರಹವಾಗಿತ್ತು. ಯಾರ ದನ, ಯಾವ ಊರಿನ ಗಡಿ, ಇವನು ಯಾರ ಮನೆಯವನು, ಎಲ್ಲ ಆ ಜಾಗಕ್ಕೆ ಗೊತ್ತಿತ್ತು, ಆ ಅಜ್ಜಿಗೆ ಗೊತ್ತಿತ್ತು. ಅದನ್ನು ಅಳಿಸಿದವನು ನಾನು. ಆದರೂ ಒಂದು ಮಾತು ಕೇಳುತ್ತೇನೆ. ಇದನ್ನು ಮುಂದಿಟ್ಟುಕೊಂಡು ಮೂವತ್ತು ವರ್ಷ ಪಾಠ ಮಾಡಿದೆ. ಅದೆಲ್ಲ ವ್ಯರ್ಥವೇ?

ನಾನು: ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಮೊದಲು ಕೈಯಿಟ್ಟು ನೋಡಿದ ವೀರಗಲ್ಲು ಇದೇ. ಪುಸ್ತಕದ ಚಿತ್ರದಲ್ಲಿ ಆ ಬಿಲ್ಲಿನ ಬಿಗಿ ತಿಳಿಯುತ್ತಿರಲಿಲ್ಲ. ಈ ಅಂಗಳದಲ್ಲಿ ಕಲ್ಲುಗಳು ಇರದಿದ್ದರೆ ನಾನು ಈ ಕಡೆಗೇ ಬರುತ್ತಿರಲಿಲ್ಲ. ಅದಕ್ಕೇ ಸಂಕಟ, ನಾನು ಕಲಿತದ್ದು ಆ ಅಜ್ಜಿಯ ಎಡೆ ತಪ್ಪಿಸಿ.

ಮೇಷ್ಟ್ರು: ಹಾಗಾದರೆ ಕೊಟ್ಟುಬಿಡೋಣವೇ?

ನಾನು: ನಾವಿಬ್ಬರೇ ಕೂತು ತೀರ್ಮಾನ ಮಾಡಿದರೆ ಹಳೆಯ ತಪ್ಪನ್ನೇ ಇನ್ನೊಂದು ಸಲ ಮಾಡಿದ ಹಾಗೆ. ಊರಿನವರನ್ನು ಕೇಳಬೇಕು. ಅಲ್ಲೇ ಇರಲಿ, ಮಕ್ಕಳು ಓದಲಿ ಅಂದರೆ ಇರಲಿ. ಹಬ್ಬದ ದಿನ ಬಂದು ಎಡೆ ಇಡುತ್ತೇವೆ ಅಂದರೆ ಗೇಟು ತೆಗೆಯಬೇಕು. ಬೇಕೇ ಬೇಕು ಅಂದರೆ, ಹುಲ್ಲು ಹಾಸಿ ಟ್ರ್ಯಾಕ್ಟರಿನಲ್ಲಿ ಕಳಿಸಿಕೊಡಬೇಕು. ಆತಕೂರಿನ ಕಲ್ಲಿಗೂ ನಾನು ಇದನ್ನೇ ಹೇಳುವುದು. ಆದರೆ ಆತಕೂರಿನವರನ್ನು ಕೇಳಬಹುದು, ಇವನ ಊರು ನಮಗೆ ಗೊತ್ತೇ ಇಲ್ಲವಲ್ಲ.

(ಅಪ್ಸರೆಯರ ತೋಳಿನ ಸಂದಿಗೆ ಬೆರಳು ಹಾಕಿ ನೋಡಿದೆ. ಎಣ್ಣೆಯ ಜಿಡ್ಡು ಕಪ್ಪಗೆ ಗಟ್ಟಿಯಾಗಿ ಕೂತಿತ್ತು, ಅದರಡಿ ಸುಣ್ಣದ ಪದರ.)

ನಾನು: ವರ್ಷ ವರ್ಷ ಸುಣ್ಣ ಬಳಿದಿದ್ದಾರೆ ಸಾರ್. ಎಣ್ಣೆಯನ್ನೂ ಎರೆದಿದ್ದಾರೆ.

ಮೇಷ್ಟ್ರು: ಪೆನ್ನು ಕೊಡು. ಆ ಬೇಸಿಗೆ ಹೋದದ್ದು ಏಳು ಊರಿಗೆ. ಐದರ ಹೆಸರು ನೆನಪಿದೆ.

ನಾನು: ಅಜ್ಜಿಯ ಊರು?

ಮೇಷ್ಟ್ರು: ಅದು ಆ ಐದರಲ್ಲಿಲ್ಲ. ಟ್ರ್ಯಾಕ್ಟರನ್ನು ಕೆರೆ ಏರಿಯ ಮೇಲೆ ನಿಲ್ಲಿಸಿದ್ದೆವು. ಎಡಗಡೆ ಹುಣಸೆ ತೋಪು. ತೋಪು ದಾಟಿದರೆ ಮಾರಿಗುಡಿ, ಅದರ ಮುಂದೆ ಒಂದು ಅರಳಿಕಟ್ಟೆ. ಬರೆದುಕೋ.