ಪರಿಗ್ರಹದ ಗೆರೆ

ಲಘುವಾದ ಕಾಯ, ವಿಶಾಲವಾದ ತೆರೆ, ಗ್ರಾಫಿಕ್ಸಿನ ಪ್ರಚಂಡ ಶಕ್ತಿ, ಈ ಮೂರನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಬಯಸುವ ಮನಸ್ಸಿಗೆ ವರ್ತಕನ ಲೋಭಕ್ಕಿಂತ ಮಿಗಿಲಾಗಿ ಅಡ್ಡಬರುವುದು ಶಾಖದ ನಿಯಮ. 100 ವಾಟ್ ವಿದ್ಯುತ್ತನ್ನು ಸೇವಿಸುವ ಚಿಪ್ಪು ಕಡೆಗದನ್ನು ಉಷ್ಣವಾಗಿಯೇ ಹೊರಗೆಡಹಬೇಕಾದುದರಿಂದ ತಾಮ್ರದ ಕೊಳವೆ, ಬೀಸಣಿಗೆ, ತೂಕದ ಅಡಾಪ್ಟರುಗಳು ಅದರ ಪರಿವಾರವಾಗಿ ಬಂದೇ ಬರುತ್ತವೆ. 2008ರಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿಂದ ಹೊರತೆಗೆದು ತೋರಿದ 13.3 ಅಂಗುಲದ ಮ್ಯಾಕ್‌ಬುಕ್ ಏರ್, ಸಿ.ಡಿ. ಓಡಿಸುವ ಅಂಗವನ್ನೂ ಸ್ವತಂತ್ರ ಗ್ರಾಫಿಕ್ಸನ್ನೂ ತೊರೆದೇ ತಪಸ್ವಿಯಂತೆ ಆ ಕೃಶತೆಯನ್ನು ಪಡೆದಿತ್ತು. ಬೆಲೆಯಲ್ಲಿ ಮಾತ್ರ ತ್ಯಾಗವೆಲ್ಲ ಕೊಳ್ಳುವವನದು.

ಜೈನಧರ್ಮವು ಶ್ರಾವಕನಿಗೆ ವಿಧಿಸುವ ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣವು, ಎಂದರೆ ಸಂಗ್ರಹದಾಸೆಗೆ ಹಾಕಿಕೊಳ್ಳುವ ಮಿತಿಯು, ಇಲ್ಲಿ ನೆನಪಾಗುತ್ತದೆ. ಮುನಿಯಂತೆ ಸರ್ವವನ್ನೂ ತ್ಯಜಿಸೆಂದು ಅದು ಗೃಹಸ್ಥನನ್ನು ಕೇಳುವುದಿಲ್ಲ. ಇಷ್ಟು ಸಾಕೆಂಬ ಗೆರೆಯನ್ನು, ವಸ್ತು ಕೈಸೇರುವ ಮೊದಲೇ, ತಾನಾಗಿ ಎಳೆದುಕೊಳ್ಳೆನ್ನುತ್ತದೆ. ಮೂರು ಆಯಾಮದ ಚಿತ್ರಗಳನ್ನು ರಚಿಸಿ ಜೀವಿಸುವವನಿಗೆ ಎರಡೂವರೆ ಕಿಲೋ ಭಾರವು ವೃತ್ತಿಯ ಉಪಕರಣವೆನಿಸಿ ಗೆರೆಯೊಳಗೇ ಉಳಿದೀತು. ಬರೆವಣಿಗೆಯಷ್ಟೇ ಕಾಯಕವಾದ ನನ್ನಂಥವನು, ಎಂದಾದರೊಮ್ಮೆ ಬೇಕಾದೀತೆಂದು ಅದನ್ನೇ ಬಸ್ಸಿನ ನೂಕುನುಗ್ಗಲಿನಲ್ಲಿ ಹೆಗಲಿಗೇರಿಸಿದರೆ ಶುದ್ಧ ಪರಿಗ್ರಹವೇ ಸರಿ. ತೆರೆಯ ವಿಷಯದಲ್ಲಿ ನನಗಷ್ಟು ವೈರಾಗ್ಯವಿಲ್ಲ: ಕಣ್ಣು ಮಂಜಾಗತೊಡಗಿದವನು ಪಯಣಕ್ಕೆ ಹಗುರವಾದುದನ್ನೊಯ್ದು, ಮನೆಯ ಮೇಜಿನ ಮೇಲೊಂದು ದೊಡ್ಡ ಮಾನಿಟರನ್ನು ಇರಿಸಿಕೊಳ್ಳಬಹುದು. ಅದನ್ನೂ ಪರಿಮಾಣದ ಲೆಕ್ಕಕ್ಕೆ ಸೇರಿಸಬೇಕಷ್ಟೆ.