ಪಣಕ್ಕಿಟ್ಟ ಹಣ ಯಾರದು?

ಹುಮನಾಬಾದಿನ ಅಡತಿ ಅಂಗಡಿಯಲ್ಲಿ ತೊಗರಿ ಮಾರುವ ರೈತನಿಗೂ ಬೆಲೆಯಿಳಿಕೆಯ ಭಯವುಂಟು. ಅದು ಅವನ ಕಾಯಕದೊಡನೆಯೇ ಹುಟ್ಟಿದುದು. ಬೆಳೆಯಿಲ್ಲದೆ ಬರಿಯ ಬೆಲೆಯ ಏರಿಳಿತದ ಮೇಲೆ ಹಣವೊಡ್ಡುವವನಾದರೋ ಆ ಭಯವನ್ನು ಕೊಂಡು ತರುತ್ತಾನೆ. ಸೆಬಿ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಷೇರುಪೇಟೆಯ ವಾಯಿದೆ ವ್ಯವಹಾರಕ್ಕಿಳಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ ಸುಮಾರು 93 ಮಂದಿ ಮೂರು ವರ್ಷಗಳ ಲೆಕ್ಕದಲ್ಲಿ ನಷ್ಟ ಹೊಂದಿದ್ದರು. ನಷ್ಟಕ್ಕೆ ಮೊದಲೇ ಗಡಿ ಹಾಕಿಕೊಳ್ಳಿರೆಂಬುದು ಪೇಟೆಯನ್ನು ಬಲ್ಲವರ ಬುದ್ಧಿವಾದ. ಒಳ್ಳೆಯ ಮಾತೇ. ಆದರೆ ಪಣಕ್ಕಿಟ್ಟ ಹಣ ಯಾರದು? ಬಿತ್ತನೆಗೆ ತೆಗೆದಿಟ್ಟುದೋ, ಸಾಲ ತಂದುದೋ ಆಗಿದ್ದರೆ, ಸೋತ ದಿನ ಮನೆಯವರ ರೊಟ್ಟಿಯೊಡನೆ ಜಂಗಮದಾಸೋಹದ ಪಾಲೂ ಹೋಯಿತು. ಲಾಭದಾಸೆಗೆ ಗಡಿಯಿಲ್ಲದವನ ಕೈಯಲ್ಲಿ ನಷ್ಟದ ಗಡಿ ನಿಲ್ಲುವುದೂ ಕಷ್ಟ. ಇಂದಿನ ಬಸವಕಲ್ಯಾಣದಲ್ಲಿ, ಅಂದು ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದನೆಂದೂ, ಪತ್ನಿ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳೆಂದೂ ಹೇಳುತ್ತಾರೆ.